ಅನುಮತಿಯ ಅವಧಿ

ಪರರ ವಸ್ತುವನ್ನು ಅವರು ಕೊಡದೆ ತೆಗೆದುಕೊಳ್ಳುವುದು ಕಳವು ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಒಮ್ಮೆ ಸಂತೋಷದಿಂದ ಕೊಟ್ಟ ಸ್ಥಳದಲ್ಲಿ, ಕೊಟ್ಟವರ ಸಂತೋಷವು ಮುಗಿದ ಮೇಲೂ ಉಳಿದುಕೊಳ್ಳುವುದನ್ನು ಏನೆಂದು ಕರೆಯಬೇಕು? ಅಲ್ಲಿ ಬೀಗ ಒಡೆದಿಲ್ಲ, ಗೋಡೆಗೆ ಕನ್ನ ಕೊರೆದಿಲ್ಲ. ಒಳಗೆ ಬಂದದ್ದು ಮುಂಬಾಗಿಲಿನಿಂದಲೇ. ಆದುದರಿಂದಲೇ ಈ ದೋಷವು ಕಣ್ಣಿಗೆ ಬೀಳುವುದು ವಿರಳ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತದ ಸ್ಥೈರ್ಯಕ್ಕಾಗಿ ಐದು ಭಾವನೆಗಳನ್ನು ಹೇಳಲಾಗಿದೆ. ಅವುಗಳಲ್ಲಿ ಮೊದಲ ಮೂರು ಹಣ, ಒಡವೆಗಳನ್ನು ಕುರಿತವಲ್ಲ, ವಾಸಸ್ಥಳವನ್ನು ಕುರಿತವು ಎಂಬುದು ಗಮನಾರ್ಹ. ನಿರ್ಜನವಾದ ಗುಹೆ ಮೊದಲಾದೆಡೆ ಇರುವುದು ಶೂನ್ಯಾಗಾರ. ಪರರು ಬಿಟ್ಟುಹೋದ ಮನೆಯಲ್ಲಿ ತಂಗುವುದು ವಿಮೋಚಿತಾವಾಸ. ತಾನಿರುವ ಸ್ಥಳದಲ್ಲಿ ಇತರರಿಗೆ ತಡೆಯಾಗದಿರುವುದು ಪರೋಪರೋಧಾಕರಣ. ಮುನಿಗಳು ಗ್ರಾಮದಲ್ಲಿ ಒಂದು ರಾತ್ರಿ, ನಗರದಲ್ಲಿ ಐದು ದಿನ ಮಾತ್ರ ತಂಗುವವರೆಂದು ಮೂಲಾಚಾರವು ವರ್ಣಿಸುತ್ತದೆ. ಮಳೆಗಾಲದ ಚಾತುರ್ಮಾಸ ಮುಗಿದೊಡನೆ, ಶ್ರಾವಕರು ಎಷ್ಟೇ ಬೇಡಿಕೊಂಡರೂ ವಿಹಾರ ಹೊರಡುವುದು ಇಂದಿಗೂ ನಡೆದುಬಂದ ಕ್ರಮ. ಗೃಹಸ್ಥನಿಗೆ ಇಷ್ಟು ಕಠಿಣವಾದ ನಿಯಮವಿಲ್ಲ. ಆದರೆ ಮೂರನೆಯ ಭಾವನೆಯನ್ನು ಅವನೂ ಪಾಲಿಸಬಲ್ಲನು.

ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟಿದ ಹಳೆಯ ಮನೆಗಳನ್ನು ನೋಡಬೇಕು. ಮಾಲೀಕರು ಮಹಡಿಯ ಮೇಲೆ, ಬಾಡಿಗೆದಾರರು ಕೆಳಗೆ. ಹತ್ತು ತಿಂಗಳ ಅಡ್ವಾನ್ಸ್, ಹನ್ನೊಂದು ತಿಂಗಳ ಕರಾರು ಎಂಬುದು ನಗರದ ವಾಡಿಕೆ. ಒಂದು ವರ್ಷ ಮೀರಿದ ಕರಾರನ್ನು 1908ರ ಕಾಯಿದೆಯಂತೆ ನೋಂದಣಿ ಮಾಡಿಸಬೇಕಾಗುವುದರಿಂದ ಹನ್ನೊಂದು ತಿಂಗಳೆಂದು ಬರೆಯುತ್ತಾರೆ. ಹೀಗೆ ಬಂದವರು ಇಪ್ಪತ್ತು, ಮೂವತ್ತು ವರ್ಷ ಉಳಿದ ಮನೆಗಳಿವೆ. ಅಷ್ಟರಲ್ಲಿ ಮಾಲೀಕರಿಗೆ ವಯಸ್ಸಾಗಿರುತ್ತದೆ. ಮಂಡಿನೋವಿನ ವೃದ್ಧೆಯೊಬ್ಬಳು ದಿನಕ್ಕೆರಡು ಬಾರಿ ಇಪ್ಪತ್ತು ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ಆಕೆಯ ಸ್ವಂತ ನೆಲಮಾಳಿಗೆಯ ಕೋಣೆಯಲ್ಲಿ ಬೇರೆಯವರ ಮಂಚವಿರುತ್ತದೆ.

ಕಾನೂನು ಈ ವಿಷಯದಲ್ಲಿ ಬಾಡಿಗೆದಾರನಿಗೆ ದೀರ್ಘಕಾಲ ರಕ್ಷಣೆ ಕೊಟ್ಟಿತು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ, ಮಾಲೀಕನಿಗೆ ನಿಜವಾದ ಅಗತ್ಯವಿದೆಯೆಂಬುದೇ ಮೊದಲಾದ ಕಾರಣಗಳು ನ್ಯಾಯಾಲಯದಲ್ಲಿ ಸಿದ್ಧವಾಗದೆ ಯಾರನ್ನೂ ತೆರವು ಮಾಡಿಸುವಂತಿರಲಿಲ್ಲ. ಅದರ ಸ್ಥಾನದಲ್ಲಿ 1999ರ ಕಾಯಿದೆಯು 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಬಡ ಬಾಡಿಗೆದಾರನನ್ನು ರಾತ್ರೋರಾತ್ರಿ ಬೀದಿಗೆ ತಳ್ಳಬಾರದೆಂಬ ಉದ್ದೇಶ ಧರ್ಮಸಮ್ಮತವೇ. ಆದರೆ ನಿರ್ಬಲನಿಗೆಂದು ಕೊಟ್ಟ ಕೊಡೆಯನ್ನು, ಬೇರೊಂದು ಮನೆ ಕಟ್ಟಿ ಅದನ್ನು ಹೆಚ್ಚಿನ ಬಾಡಿಗೆಗೆ ಕೊಟ್ಟಿರುವ ಸಂಪನ್ನನೂ ಹಿಡಿದು ನಿಂತಾಗ, ವ್ರತವು ಪ್ರಶ್ನೆ ಕೇಳುತ್ತದೆ.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 116ನೆಯ ಪ್ರಕರಣವು ಇನ್ನೊಂದು ಸೂಕ್ಷ್ಮವನ್ನು ಹೇಳುತ್ತದೆ. ಅವಧಿ ಮುಗಿದ ಮೇಲೂ ಮಾಲೀಕನು ಬಾಡಿಗೆ ಸ್ವೀಕರಿಸಿದರೆ ಅಥವಾ ಬೇರೆ ರೀತಿಯಲ್ಲಿ ಸಮ್ಮತಿಸಿದರೆ, ವಿರುದ್ಧವಾದ ಕರಾರಿಲ್ಲದಿದ್ದಲ್ಲಿ, ವಾಸಕ್ಕೆ ಪಡೆದ ಬಾಡಿಗೆಯು ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಅಂದರೆ ಕಾನೂನು ಕೂಡ ಸಮ್ಮತಿಯನ್ನೇ ಹುಡುಕುತ್ತದೆ. ಆದರೆ ಅದಕ್ಕೆ ಕಾಣುವುದು ಕೈ ಮಾತ್ರ. ಔಷಧಿಗೆ ಹಣ ಬೇಕಾಗಿ ಆ ವೃದ್ಧೆ ಬಾಡಿಗೆ ಪಡೆದು ರಸೀತಿ ಕೊಡುತ್ತಾಳೆ. ರಸೀತಿಯಲ್ಲಿ ಸಮ್ಮತಿಯಿದೆ, ಮನಸ್ಸಿನಲ್ಲಿ ಇಲ್ಲ. ಶ್ರಾವಕನಾದವನು ರಸೀತಿಯ ಜೊತೆಗೆ ಆ ಮುಖವನ್ನೂ ಓದಬೇಕಾಗುತ್ತದೆ.

ಬಾಹುಬಲಿಯು ಸರ್ವವನ್ನೂ ತ್ಯಜಿಸಿ ಒಂದು ವರ್ಷ ನಿಂತು ತಪಸ್ಸು ಮಾಡಿದರೂ, ತಾನು ನಿಂತಿರುವುದು ಭರತನ ನೆಲ ಎಂಬ ಶಲ್ಯವು ಉಳಿದಿತ್ತೆಂದು ಕನ್ನಡ ನಾಡಿನಲ್ಲಿ ಹೇಳುವ ಕಥೆಯಿದೆ. ಯುದ್ಧದಲ್ಲಿ ಗೆದ್ದವನಿಗೆ ಆ ನೆಲದ ಮೇಲೆ ಹಕ್ಕಿರಲಿಲ್ಲವೇ? ಇತ್ತು. ಆದರೂ ಎರಡು ಪಾದಗಳಷ್ಟು ಜಾಗವು ಅವನನ್ನು ಚುಚ್ಚಿತು. ಭರತನು ಬಂದು ಭಕ್ತಿಯಿಂದ ವಂದಿಸಿದ ಮೇಲೆ ಶಲ್ಯ ನೀಗಿತು.

ಈ ಕಥೆಯಲ್ಲಿ ಕೊಟ್ಟವನ ಕರ್ತವ್ಯವೂ ಇದೆ. ಭರತನು ತಾನಾಗಿ ಬಂದನು. ಮನೆ ಬೇಕೆಂದು ಬಾಯಿಬಿಟ್ಟು ಹೇಳದೆ ನಲ್ಲಿಯ ನೀರು ನಿಲ್ಲಿಸುವುದು, ದೀಪ ಆರಿಸುವುದು, ಅಡ್ವಾನ್ಸನ್ನು ಹಿಡಿದಿಟ್ಟುಕೊಳ್ಳುವುದು ಅಹಿಂಸೆಗೆ ಒಪ್ಪುವ ಮಾರ್ಗವಲ್ಲ. ಮಕ್ಕಳ ಶಾಲೆಯ ವರ್ಷ ಮುಗಿಯುವ ತನಕವಾದರೂ ಕಾಲಾವಕಾಶವಿತ್ತು ಮೃದುವಾಗಿ ತಿಳಿಸಬೇಕು. ಕೀಲಿಕೈ ಪಡೆದ ದಿನವೇ ಹಣ ಹಿಂದಿರುಗಿಸಬೇಕು.

ಆದರೂ ಮೊದಲ ಮಾತು ಉಳಿದಿರುವವನದೇ ಆಗುವುದು ಲೇಸು. ಹೇಳಲಾರದ ಸಂಕೋಚ ಮಾಲೀಕರದು. ಕೇಳುವ ಸ್ವಾತಂತ್ರ್ಯ ಇವನದು. ವರ್ಷಕ್ಕೊಮ್ಮೆ ಕರಾರು ಹೊಸದು ಮಾಡುವಾಗ ಮಹಡಿ ಹತ್ತಿ, “ಅಮ್ಮಾ, ಮನೆ ನಿಮಗೆ ಬೇಕಾಗಿದೆಯೇ? ಸಂಕೋಚವಿಲ್ಲದೆ ಹೇಳಿ” ಎಂದು ಕೇಳಿದರೆ ಸಾಕು. ಅವರು “ಇರಿ” ಎಂದರೆ ಆ ವರ್ಷದ ವಾಸವು ದತ್ತವಾಗುತ್ತದೆ. ಕ್ಷಣಕಾಲ ಸುಮ್ಮನಾದರೆ, ಬೇರೆ ಮನೆ ಹುಡುಕಲು ಅಂದೇ ತೊಡಗುವುದು ಉಚಿತ.