ತುಂಗೆಯ ತೀರದಲ್ಲೊಂದು ಕಡಲು

‘ಗಂಗಾಸ್ನಾನ, ತುಂಗಾಪಾನ’ ಎಂಬುದು ಹಿರಿಯರಿಂದ ಬಂದ ಮಾತು. ಸವಿಗೆ ಹೆಸರಾದ ಆ ನೀರನ್ನು ಕುಡಿಯುವ ಪುಣ್ಯವಿದ್ದೂ, ಅದಕ್ಕೆ ಏಳು ಕಿಲೋ ಉಪ್ಪು ಸುರಿದು ಕದಡುವವರನ್ನು ಕಂಡರೆ ನೆರೆಹೊರೆಯವರು ಏನೆಂದುಕೊಂಡಾರು? ಶಿವಮೊಗ್ಗೆಯ ಬಡಾವಣೆಯೊಂದರ ಗೃಹಸ್ಥರು ಮಾಡಿದ್ದು ಇದನ್ನೇ.

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಬೆಳೆದಿರುವ ಹವಳಗಳನ್ನು ನೋಡಿ ಬಂದಂದಿನಿಂದ ಅವರಿಗೂ ಅವರ ಒಂಬತ್ತು ವರ್ಷದ ಮಗಳಿಗೂ ಕಡಲಿನ ಹುಚ್ಚು ಹಿಡಿದಿತ್ತು. ಹಜಾರಕ್ಕೆ 200 ಲೀಟರಿನ ಗಾಜಿನ ತೊಟ್ಟಿ ಬಂದಿತು. ಲೀಟರಿಗೆ 35 ಗ್ರಾಮಿನಂತೆ, ಅಕ್ವೇರಿಯಮ್ಮಿಗೆಂದೇ ತಯಾರಿಸಿದ ಉಪ್ಪು ಕರಗಿತು. ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿರುವುದರಿಂದ, ಸುಟ್ಟ ಜೇಡಿಮಣ್ಣಿನ ಕೃತಕ ಕಲ್ಲುಗಳನ್ನೇ ದಿಬ್ಬದಂತೆ ಜೋಡಿಸಿದರು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ನೆಲೆಗೊಳ್ಳಲೆಂದು ಆರು ವಾರ ಕಾದು, ಕಿತ್ತಳೆ ಬಣ್ಣದ ಮೈಗೆ ಬಿಳಿಯ ಪಟ್ಟೆಗಳುಳ್ಳ ಎರಡು ಕ್ಲೌನ್ ಮೀನುಗಳನ್ನು ತಂದು ಬಿಟ್ಟರು. ಮನೆಗೆ ಬಂದವರೆಲ್ಲ ತೊಟ್ಟಿಯ ಮುಂದೆ ನಿಂತು ಹೊಗಳಿದರು. ಗೃಹಿಣಿ ಮಾತ್ರ ವಿದ್ಯುತ್ತಿನ ಬಿಲ್ಲನ್ನು ನೋಡಿ ನಿಟ್ಟುಸಿರಿಟ್ಟಳು.

ಹೊಗಳಿಕೆ ಬಹುಕಾಲ ನಿಲ್ಲಲಿಲ್ಲ. ಮೀನು ಬರುವ ಮೊದಲೇ ಕಲ್ಲಿನ ಮೇಲೆ ಕಂದುಬಣ್ಣದ ಧೂಳಿನಂತಹ ಪದರವೊಂದು ಕಾಣಿಸಿಕೊಂಡು, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯವಾಗಿತ್ತು. ಅದು ನೀರಿನಲ್ಲಿರುವ ಸಿಲಿಕೇಟನ್ನು ಬಳಸಿಕೊಂಡು ಬೆಳೆಯುವ ಡಯಾಟಮ್. ಆದರೆ ಮೂರನೆಯ ತಿಂಗಳಲ್ಲಿ ಬಂದ ಹಸಿರು ಪಾಚಿಗೆ ಹೋಗುವ ಇಚ್ಛೆಯೇ ಇದ್ದಂತಿರಲಿಲ್ಲ. ಅದು ಕೂದಲಿನಂತೆ ಎಳೆಯೆಳೆಯಾಗಿ ಬೆಳೆದು ಕಲ್ಲುಗಳನ್ನೆಲ್ಲ ಮುಚ್ಚಿತು. ಯಜಮಾನರು ರೇಗಿ, ಕಲ್ಲುಗಳನ್ನು ಹೊರತೆಗೆದು ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ತೊಳೆದರು. ನಲ್ಲಿಯ ನೀರಿನ ಕ್ಲೋರಿನ್ನಿಗೆ ಪಾಚಿಯೊಡನೆ ಒಳ್ಳೆಯ ಬ್ಯಾಕ್ಟೀರಿಯಗಳೂ ಬಲಿಯಾದವು. ಹದಿನೈದು ದಿನಗಳಲ್ಲಿ ಪಾಚಿ ಇಮ್ಮಡಿಯಾಗಿ ಮರಳಿತು.

“ಈ ಭಾನುವಾರ ತೊಟ್ಟಿಯನ್ನು ಬರಿದುಮಾಡಿ ಮೀನುಗಳನ್ನು ಅಂಗಡಿಗೆ ಹಿಂದಿರುಗಿಸುತ್ತೇನೆ” ಎಂದು ಅವರು ಸಾರಿದ ರಾತ್ರಿ ಮಗಳು ಊಟ ಮಾಡಲಿಲ್ಲ.

ಆ ಭಾನುವಾರ ಭದ್ರಾವತಿಯಿಂದ ಅಜ್ಜ ಬಂದರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಕುಲುಮೆಯ ಬಳಿ ಬಾಳಿನ ಬಹುಭಾಗವನ್ನು ಕಳೆದು ನಿವೃತ್ತರಾದವರು. ಬೆಂಕಿಪುರವೆಂದು ಹಿಂದೆ ಹೆಸರಿದ್ದ ಊರಿನವರಿಗೆ ನೀರಿನ ವಿಚಾರವೇನು ತಿಳಿದೀತು ಎಂದು ಮಗ ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಅಜ್ಜ ಕನ್ನಡಕ ಸರಿಪಡಿಸಿಕೊಂಡು ತೊಟ್ಟಿಯನ್ನು ಬಹಳ ಹೊತ್ತು ನೋಡಿದರು. “ನೀರಿನಲ್ಲಿ ಇದಕ್ಕೆ ಆಹಾರವೇನಿದೆ?” ಎಂದು ಕೇಳಿದರು.

“ಏನೂ ಇಲ್ಲ ಅಪ್ಪ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಪರೀಕ್ಷಿಸಿದ್ದೇನೆ. ಎರಡೂ ಸೊನ್ನೆ.”

ಅಜ್ಜ ನಕ್ಕರು. “ಉಂಡವನು ಎಲೆಯನ್ನೂ ಬಳಿದು ತಿಂದು ಎದ್ದರೆ, ಮನೆಯಲ್ಲಿ ಅಡಿಗೆಯೇ ಆಗಿರಲಿಲ್ಲವೆಂದು ಅರ್ಥವೇನಪ್ಪ? ಎಲ್ಲವನ್ನೂ ಪಾಚಿ ತಿಂದು ಮುಗಿಸಿದೆ. ಕುಲುಮೆಯ ಕಿಟ್ಟ ಕಪ್ಪಾಗಿ ಹರಿದರೆ, ಕುಲುಮೆ ತಣ್ಣಗಾಗುತ್ತಿದೆಯೆಂದು ನಾವು ತಿಳಿಯುತ್ತಿದ್ದೆವು. ಕಿಟ್ಟವನ್ನು ಬೈದು ಪ್ರಯೋಜನವುಂಟೇ? ಒಳಗೆ ಏನು ಹಾಕಿದೆವು, ಎಷ್ಟು ಹಾಕಿದೆವು ಎಂದು ಲೆಕ್ಕ ನೋಡುತ್ತಿದ್ದೆವು.”

ಲೆಕ್ಕ ನೋಡುವ ಮಾತು ಬಂದೊಡನೆ ಮಗಳ ಮುಖ ಬಾಡಿತು. ಅಜ್ಜ ಅದನ್ನು ಕಂಡೂ ಕಾಣದವರಂತೆ ಅವಳನ್ನು ಹಿತ್ತಿಲಿಗೆ ಕರೆದೊಯ್ದರು. ಅಲ್ಲಿ ನಿಜ ಹೊರಬಿತ್ತು. ಮೀನುಗಳಿಗೆ ಹಸಿವಾದೀತೆಂದು ಅವಳು ಶಾಲೆಗೆ ಹೋಗುವಾಗ ಒಂದು ಚಿಟಿಕೆ, ಬಂದಾಗ ಒಂದು ಚಿಟಿಕೆ, ಮಲಗುವ ಮೊದಲು ಇನ್ನೊಂದು ಚಿಟಿಕೆ ಆಹಾರವನ್ನು ಗುಟ್ಟಾಗಿ ಹಾಕುತ್ತಿದ್ದಳು. ಮೀನು ತಿನ್ನದೆ ಉಳಿಸಿದ್ದು ಕೊಳೆತು ಪಾಚಿಗೆ ಗೊಬ್ಬರವಾಗಿತ್ತು. ಮೀನಿಗೆಂದು ತೋರಿದ ಪ್ರೀತಿ ಪಾಚಿಯ ಪಾಲಾಗಿತ್ತು.

“ನನ್ನಿಂದಲೇ ಅಲ್ಲವೇ ಅಜ್ಜ?” ಎಂದು ಅವಳು ಬಿಕ್ಕಿದಳು.

“ನಿನ್ನೊಬ್ಬಳಿಂದಲೇ ಅಲ್ಲ ಮಗು. ದಿನಕ್ಕೆ ಹನ್ನೆರಡು ಗಂಟೆ ದೀಪ ಉರಿಸಿದವರು ಯಾರು? ನಲ್ಲಿಯ ನೀರನ್ನೇ ತುಂಬಿದವರು ಯಾರು?” ಎಂದು ಅಜ್ಜ ಒಳಗಿನವರಿಗೂ ಕೇಳುವಂತೆ ಹೇಳಿದರು. ಯಜಮಾನರು ತುಟಿಪಿಟಕ್ಕೆನ್ನಲಿಲ್ಲ. ತುಂಗೆಯ ನೀರು ಮನುಷ್ಯನಿಗೆ ಅಮೃತವೇ ಸರಿ. ಆದರೆ ನೆಲದ ಮೇಲೆ ಹರಿದು ಬರುವ ಯಾವ ನದಿಯ ನೀರೂ ಸಿಲಿಕೇಟು ಮೊದಲಾದವನ್ನು ಹೊತ್ತೇ ಬರುತ್ತದೆ. ಇಂತಹ ತೊಟ್ಟಿಗೆ ಅವನ್ನೆಲ್ಲ ಸೋಸಿ ತೆಗೆದ ನೀರೇ ಆಗಬೇಕು.

ಅಂದು ತೊಟ್ಟಿ ಬರಿದಾಗಲಿಲ್ಲ. ಮೀನಿಗೆ ದಿನಕ್ಕೊಮ್ಮೆ ಮಾತ್ರ, ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರವೆಂದು ಗೊತ್ತಾಯಿತು. ಅದನ್ನು ಹಾಕುವ ಅಧಿಕಾರ ಮಗಳೊಬ್ಬಳದೇ. ಲೆಕ್ಕದ ಪುಸ್ತಕವೂ ಅವಳದೇ. ದೀಪ ಎಂಟು ಗಂಟೆಗೆ ಇಳಿಯಿತು. ಯಜಮಾನರು ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪಾಚಿಯನ್ನು ಸಡಿಲಿಸಿ, ಕೊಳವೆಯಿಂದ ಹೀರಿ ಹೊರಹಾಕಿ, 20 ಲೀಟರು ಸೋಸಿದ ನೀರಿಗೆ ಉಪ್ಪು ಬೆರೆಸಿ ತುಂಬಿದರು. ನೀರು ಆವಿಯಾದರೂ ಉಪ್ಪು ಹಿಂದೆಯೇ ಉಳಿಯುವುದರಿಂದ, ಆವಿಯಾದಷ್ಟು ಸಿಹಿನೀರನ್ನು ದಿನವೂ ಸೇರಿಸಿದರು. ಪಾಚಿ ಮೇಯುವ ನಾಲ್ಕು ಕಡಲ ಬಸವನಹುಳುಗಳೂ ಬಂದವು.

ಮೊದಲ ತಿಂಗಳು ಹೇಳಿಕೊಳ್ಳುವಂತಹ ಬದಲಾವಣೆಯೇನೂ ಕಾಣಲಿಲ್ಲ. ಯಜಮಾನರು ಎರಡು ಬಾರಿ ತಾಳ್ಮೆಗೆಟ್ಟರು. ಪುಸ್ತಕ ತೋರಿಸಿ ಅವರನ್ನು ತಡೆದವಳು ಮಗಳು. ಎರಡನೆಯ ತಿಂಗಳಲ್ಲಿ ಹಸಿರು ತೆಳುವಾಯಿತು; ಮೂರನೆಯದರಲ್ಲಿ ಕಲ್ಲು ಕಂಡಿತು.

ಒಂದು ಸಂಜೆ ಕಲ್ಲಿನ ಮೇಲೆ ರಾಗಿಕಾಳಿನಷ್ಟು ನೇರಳೆಯ ಚುಕ್ಕೆಯೊಂದನ್ನು ಕಂಡು ಮಗಳು ಕೂಗಿದಳು. ಬಸವನಹುಳುವಿನ ಚಿಪ್ಪಿನೊಡನೆ ಬಂದು ನೆಲೆಯೂರಿದ, ಸುಣ್ಣದಂತೆ ಗಟ್ಟಿಯಾಗಿ ಹಬ್ಬುವ ಪಾಚಿ ಅದು. ಇಂತಹ ತೊಟ್ಟಿಗಳನ್ನು ಸಾಕುವವರು ಹಂಬಲಿಸಿ ಕಾಯುವ ಚಿಹ್ನೆ.

“ಪಾಚಿಯನ್ನು ಓಡಿಸಲು ಆರು ತಿಂಗಳು ಹೆಣಗಿ, ಈಗ ಪಾಚಿ ಬಂತೆಂದು ಸಂಭ್ರಮವೇ!” ಎಂದಳು ಗೃಹಿಣಿ.

ಅಜ್ಜ ತಲೆದೂಗಿದರು. ನೇತ್ರಾಣಿಯ ಹವಳಗಳ ಮೈಯೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿವೆ. ಬಿಸಿಲಿನಿಂದ ಅವು ತಯಾರಿಸಿಕೊಡುವ ಆಹಾರವೇ ಹವಳಕ್ಕೆ ಮುಖ್ಯ ಆಧಾರ ಎಂದು ಮೊಮ್ಮಗಳು ಅವರಿಗೆ ಆಗಲೇ ಓದಿ ಹೇಳಿದ್ದಳು.

“ಎಲ್ಲಿ, ಎಷ್ಟು ಎಂಬುದಷ್ಟೇ ಲೆಕ್ಕ” ಎಂದು ಹೇಳಿ, ಅವರು ಭದ್ರಾವತಿಯ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಮಗಳು ಪುಸ್ತಕ ತೆರೆದು ಆ ದಿನದ ಪುಟದಲ್ಲಿ ಬರೆದುಕೊಂಡಳು: ಆಹಾರ, ಒಂದು ಚಿಟಿಕೆ.