ಪಕ್ಕದ ಮನೆಯ ಹಬ್ಬ



ಮೊನ್ನೆ ನಮ್ಮ ಮೇಷ್ಟ್ರು ಹಳೇ ಪೇಪರಿನ ಒಂದು ಚಿತ್ರ ತೋರಿಸಿದರು. ಅದು ಇಂಗ್ಲೆಂಡಿನ ಲಿವರ್‌ಪೂಲ್ ನಗರ. 2023ರ ಮೇ ತಿಂಗಳಲ್ಲಿ ಅಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ ನಡೆಯಿತು. 37 ದೇಶದವರು ಹಾಡಿದರು. ಸ್ಪರ್ಧೆಗೆ ಮುಂಚೆಯೇ ಊರು ಜಾತ್ರೆಯಂತೆ ಸಿಂಗಾರವಾಗಿತ್ತಂತೆ. ಅಲ್ಲಲ್ಲಿ 12 ದೊಡ್ಡ ನೈಟಿಂಗೇಲ್ ಹಕ್ಕಿಗಳ ಬೊಂಬೆ ಇಟ್ಟಿದ್ದರು. ನೀಲಿ ಹಳದಿ ಬಾವುಟಗಳೂ ಇದ್ದವು. ಅವು ಇಂಗ್ಲೆಂಡಿನವಲ್ಲ, ಉಕ್ರೇನಿನವು!

ಯಾಕೆ ಗೊತ್ತಾ? 2022ರಲ್ಲಿ ಗೆದ್ದದ್ದು ಉಕ್ರೇನ್. ಗೆದ್ದವರ ದೇಶದಲ್ಲೇ ಮುಂದಿನ ಸ್ಪರ್ಧೆ ಮಾಡುವುದು ವಾಡಿಕೆ. ಆದರೆ ಅಲ್ಲಿ ಯುದ್ಧ. ಅದಕ್ಕೇ ಎರಡನೇ ಸ್ಥಾನ ಬಂದಿದ್ದ ಬ್ರಿಟನ್ ಅವರ ಪರವಾಗಿ ನಡೆಸಿತು. ಊರು ಬಿಟ್ಟು ಬಂದಿದ್ದ ಉಕ್ರೇನಿನವರಿಗಾಗಿ 3,000 ಟಿಕೆಟ್ ತೆಗೆದಿಟ್ಟಿದ್ದರು.

ಇದನ್ನು ಕೇಳಿ ನನಗೆ ನಮ್ಮ ಮನೆ ನೆನಪಾಯಿತು. ಅಜ್ಜ ತೀರಿಕೊಂಡ ವರ್ಷ ನಾವು ಯುಗಾದಿ ಮಾಡಲಿಲ್ಲ. ಪಕ್ಕದ ಮನೆ ದೊಡ್ಡಮ್ಮ ಒಬ್ಬಟ್ಟು ತಂದು, "ತಿನ್ನು ಮಗಾ, ನಿಮ್ಮ ಪಾಲಿನದೂ ನಾನೇ ಮಾಡೀನಿ" ಅಂದರು. ತಿಂದೆ. ಅಜ್ಜ ಇಲ್ಲದಿದ್ದರೂ ಸಿಹಿ ಅನ್ನಿಸಿತಲ್ಲಾ ಎಂದು ರಾತ್ರಿ ಅತ್ತಿದ್ದೆ.

ಈಗ ತಿಳಿಯಿತು, ಅದು ತಪ್ಪಲ್ಲ. ದುಃಖ ಇದ್ದ ಮನೆಯ ಹಬ್ಬವನ್ನು ಪಕ್ಕದವರು ಹೊತ್ತುಕೊಳ್ಳಬಹುದು.