ಡಬ್ಬಿಯ ಮೇಲಿನ ಚಂದಿರ

ನಮ್ಮ ಮನೆಯಲ್ಲಿ ಬೆಳಗಿನ ಮಾತ್ರೆಗೆ ಸೂರ್ಯ, ಮಧ್ಯಾಹ್ನದ ಮಾತ್ರೆಗೆ ಊಟದ ತಟ್ಟೆ, ರಾತ್ರಿಯ ಮಾತ್ರೆಗೆ ಚಂದ್ರ. ಈ ಏರ್ಪಾಡು ಮಾಡಿದವಳು ಐದನೇ ಕ್ಲಾಸಿನ ನಮ್ಮ ಮೊಮ್ಮಗಳು ಪುಟ್ಟಿ. ಅವಳ ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ. ಒಂದರ ಆಪರೇಷನ್ ಆಗಿದೆ, ಇನ್ನೊಂದನ್ನು ಮಳೆಗಾಲ ಕಳೆದ ಮೇಲೆ ಮಾಡಿಸುವುದೆಂದು ಇಟ್ಟುಕೊಂಡಿದ್ದೆವು. ಮಾತ್ರೆಯ ಹಾಳೆಯ ಮೇಲೆ ಇರುವೆ ಸಾಲಿನ ಹಾಗೆ ಅಚ್ಚಾದ ಇಂಗ್ಲಿಷ್ ಹೆಸರನ್ನು ಓದುವುದು ಅವಳಿಂದ ಆಗುತ್ತಿರಲಿಲ್ಲ. ದಿನಾ ನನ್ನನ್ನು ಕೇಳುವುದು ಅವಳಿಗೆ ಇಷ್ಟವೂ ಇರಲಿಲ್ಲ.

ಏಪ್ರಿಲ್ ರಜೆಯಲ್ಲಿ ಪುಟ್ಟಿ ಮೂರು ಪುಟ್ಟ ಸ್ಟೀಲ್ ಡಬ್ಬಿಗಳನ್ನು ಹುಡುಕಿ, ಬಿಳಿ ಕಾಗದದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆದು, ಕತ್ತರಿಸಿ, ಮೈದಾ ಅಂಟಿನಲ್ಲಿ ಮುಚ್ಚಳಗಳ ಮೇಲೆ ಅಂಟಿಸಿದಳು. ಅಂಟು ಕಾಯಿಸಿಕೊಟ್ಟವನು ನಾನೇ. ಸೂರ್ಯನಿಗೆ ಮೀಸೆ, ಚಂದ್ರನ ಮಡಿಲಲ್ಲೊಂದು ಮೊಲ. ನೆರೆಹೊರೆಯವರು ಬಂದಾಗಲೆಲ್ಲ ನನ್ನಾಕೆ ಕಾಫಿಗಿಂತ ಮೊದಲು ಡಬ್ಬಿಗಳನ್ನು ತಂದು ತೋರಿಸುತ್ತಿದ್ದಳು.

ಜೂನ್ ಬಂತು. ತೀರ್ಥಹಳ್ಳಿ ಕಡೆಯ ಮಳೆ ಎಂದರೆ ಗೊತ್ತಲ್ಲ, ಗೋಡೆಗೂ ಬೆವರು ಬರುತ್ತದೆ, ಒಗೆದ ಬಟ್ಟೆ ಒಲೆಯ ಮೇಲೆಯೇ ಒಣಗಬೇಕು. ಪಾತ್ರೆ ತೊಳೆದ ಒದ್ದೆ ಕೈಯಲ್ಲೇ ಡಬ್ಬಿ ತೆಗೆಯುವುದು ಅವಳ ರೂಢಿ. ದಿನಕ್ಕಿಷ್ಟು ಎಂಬಂತೆ ಸೂರ್ಯನ ಹಳದಿ ಹರಡಿತು, ಚಂದ್ರನ ನೀಲಿ ಆಕಾಶ ಹರಿದು ಕೆಳಗಿಳಿಯಿತು. ಒಂದು ಬೆಳಿಗ್ಗೆ ನಾನು ಹಿತ್ತಿಲಿನಿಂದ ಬರುವಾಗ ಸೀದ ಹಾಲಿನ ವಾಸನೆ. ಅಡುಗೆಮನೆಯಲ್ಲಿ ಹಾಲು ಉಕ್ಕಿ, ಪಾತ್ರೆ ಕರಿದಾಗಿ, ಒಲೆ ಇನ್ನೂ ಉರಿಯುತ್ತಿತ್ತು. ಅವಳು ಪಕ್ಕದಲ್ಲೇ ಮಣೆಯ ಮೇಲೆ ಕುಳಿತು ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಸೆರಗಿಗೂ ಒಲೆಗೂ ಒಂದು ಮೊಳ ದೂರ. ನಿದ್ದೆ ಬರಿಸುವ ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆ ನುಂಗಿದ್ದಳು.

ಡಾಕ್ಟರಿಗೆ ಫೋನ್ ಮಾಡಿದೆವು. ಮಲಗಲಿ, ಬೆಳಗಿನ ಮಾತ್ರೆಯ ವಿಷಯ ಆಮೇಲೆ ನಾನೇ ಹೇಳುತ್ತೇನೆ ಎಂದರು. ಸಂಜೆಯ ಹೊತ್ತಿಗೆ ಅವಳು ಸರಿಯಾದಳು. ಸರಿಯಾಗದೆ ಉಳಿದವಳು ಪುಟ್ಟಿ. ಶಾಲೆಯಿಂದ ಬಂದು ವಿಷಯ ತಿಳಿದವಳು ಮಾತೇ ಆಡಲಿಲ್ಲ. ರಾತ್ರಿ ಬಚ್ಚಲ ಒಲೆಗೆ ಪುರಲೆ ತುಂಬಲು ಹೋದರೆ, ಅಡಕೆ ಹಾಳೆಯ ಚೂರುಗಳ ನಡುವೆ ಅವಳ ಹನ್ನೆರಡು ಸ್ಕೆಚ್ ಪೆನ್ನುಗಳ ಡಬ್ಬ ಇತ್ತು. ಬೆಳಗಾದರೆ ನೀರು ಕಾಯಿಸುವಾಗ ಸುಟ್ಟುಹೋಗಲಿ ಎಂದು ಇಟ್ಟಿದ್ದಾಳೆ.

ಇಲ್ಲಿ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾನು 34 ವರ್ಷ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವನು. ಮಳೆಗಾಲದಲ್ಲಿ ಟಪ್ಪಾಲಿನ ಚೀಲ ಬಸ್ಸಿನ ಮೇಲೆ ನೆನೆದು ಬರುತ್ತಿತ್ತು. ಇಂಕ್ ಪೆನ್ನಿನಲ್ಲಿ ಬರೆದ ವಿಳಾಸ ನೀಲಿ ಮೋಡವಾಗಿರುತ್ತಿತ್ತು. ಬಾಲ್ ಪೆನ್ನಿನದು, ಪೆನ್ಸಿಲಿನದು ಹಾಗೇ ಉಳಿದಿರುತ್ತಿತ್ತು. ಯಾವ ಶಾಯಿ ನೀರಿಗೆ ನಿಲ್ಲುತ್ತದೆ ಎಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಮಗು ಅಷ್ಟು ಖುಷಿಯಲ್ಲಿ ಬರೆಯುವಾಗ ಬಾಯಿ ಬಿಡಲಿಲ್ಲ. ಇದನ್ನೇ ಪುಟ್ಟಿಗೆ ಹೇಳಿದೆ. ಅವಳು ತುಸು ಹೊತ್ತು ನನ್ನ ಮುಖ ನೋಡಿ, "ಹಾಗಾದ್ರೆ ಅರ್ಧ ತಪ್ಪು ನಿಂದು, ಅಜ್ಜ" ಅಂದಳು. ಅರ್ಧಕ್ಕಿಂತ ಹೆಚ್ಚೇ ನನ್ನದು. ಆದರೆ ನಾನು ಚೌಕಾಸಿ ಮಾಡಲಿಲ್ಲ.

ಮರುದಿನದಿಂದ ನಮ್ಮ ಪರೀಕ್ಷೆ ಶುರುವಾಯಿತು. ಹಳೆಯ ಕ್ಯಾಲೆಂಡರಿನ ಹಿಂಬದಿಯ ಕಾಗದ ಕತ್ತರಿಸಿ, ಒಂದೊಂದು ಚೀಟಿಯ ಮೇಲೆ ಒಂದೊಂದರಲ್ಲಿ ಚಂದ್ರನನ್ನು ಬರೆದಳು: ಸ್ಕೆಚ್ ಪೆನ್, ಇಂಕ್ ಪೆನ್, ಬಾಲ್ ಪೆನ್, ಬಣ್ಣದ ಪೆನ್ಸಿಲ್, ಪಾರ್ಸೆಲ್ ಮೇಲೆ ಬರೆಯುವ ಮಾರ್ಕರ್. ಎಲ್ಲವನ್ನೂ ಲೋಟಗಳಿಗೆ ಅಂಟಿಸಿ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟೆವು. ಬೆಳಿಗ್ಗೆ ನೋಡಿದರೆ ಮೊದಲಿನ ಎರಡು ಚಂದ್ರರಿಗೆ ಪೂರ್ತಿ ಗ್ರಹಣ. ಅವುಗಳ ಬಣ್ಣ ನೀರಿನಲ್ಲೇ ಕಲಸಿದ್ದು, ನೀರು ಕಂಡರೆ ಮತ್ತೆ ಅದರ ಜೊತೆಗೆ ಹೊರಟುಬಿಡುತ್ತದೆ. ಬಾಲ್ ಪೆನ್ನಿನ ಶಾಯಿ ಎಣ್ಣೆಯಂಥದು, ಪೆನ್ಸಿಲಿನ ಬಣ್ಣದಲ್ಲಿ ಮೇಣ ಇರುತ್ತದೆ, ಹಾಗಾಗಿ ಅವು ಕರಗಲಿಲ್ಲ. ಮಾರ್ಕರೂ ಉಳಿದಿತ್ತು. ಆದರೆ ಚಿತ್ರ ಉಳಿದು ಏನು ಬಂತು? ಕಾಗದಗಳೆಲ್ಲ ಲೋಟ ಬಿಟ್ಟು ನೀರಿನಲ್ಲಿ ತೇಲುತ್ತಿದ್ದವು. ಮೈದಾ ಅಂಟು ಕರಗಿ ಹೋಗಿತ್ತು. ಒಣಗಿದ್ದರೂ ಅದನ್ನು ಜಿರಲೆ ತಿನ್ನುತ್ತದೆ, ಅದು ಬೇರೆ ಮಾತು.

"ಓಟಿನ ಶಾಯಿ ಹಾಕಿದ್ರೆ?" ಎಂದು ಕೇಳಿದಳು ಪುಟ್ಟಿ. ನನ್ನ ಬೆರಳಿನ ಗುರುತು ವಾರಗಟ್ಟಲೆ ಹೋಗದಿದ್ದುದನ್ನು ಅವಳು ನೋಡಿದ್ದಳು. ಒಳ್ಳೆಯ ಪ್ರಶ್ನೆಯೇ. ಆ ಶಾಯಿ ನಮ್ಮ ಮೈಸೂರಿನದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುತ್ತದೆ. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಜೊತೆ ಸೇರಿ, ಬೆಳಕಿಗೆ ಕಪ್ಪಾಗಿ ಕೂರುತ್ತದೆ. ಸ್ಟೀಲಿಗೆ ಚರ್ಮ ಎಲ್ಲಿದೆ? ಅಂಗಡಿಯಲ್ಲಿ ಸಿಗುವ ವಸ್ತುವೂ ಅಲ್ಲ.

ಎರಡನೇ ರಾತ್ರಿ ಚಿತ್ರದ ಮೇಲೆ ರಕ್ಷಣೆ ಹಾಕಿ ನೋಡಿದೆವು. ಒಂದಕ್ಕೆ ಮೇಣದಬತ್ತಿ ಉಜ್ಜಿದಳು. ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತಾಗಿ ಉರುಳಿತು. ಪುಟ್ಟಿ ಕುಣಿದಳು. ಬೆಳಗಾಗುವಷ್ಟರಲ್ಲಿ ಕಾಗದ ಒಳಗೊಳಗೇ ನೆನೆದಿತ್ತು. ಇನ್ನೊಂದಕ್ಕೆ ಅವಳ ಅಮ್ಮನ ಬಣ್ಣವಿಲ್ಲದ ನೇಲ್ ಪಾಲಿಷ್ ಬಳಿದಳು. ಮಾರ್ಕರಿನ ಗೆರೆ ನೀರಿಲ್ಲದೆಯೇ ಹರಡಿಕೊಂಡಿತು, ಏಕೆಂದರೆ ಮಾರ್ಕರಿನ ಶಾಯಿಯನ್ನು ಕರಗಿಸುವಂಥದು ಪಾಲಿಷಿನಲ್ಲೇ ಇದೆ. ಸೊಸೆಯ ಮುಖವೂ ಸ್ವಲ್ಪ ಕೆಂಪಾಯಿತು. ಮೂರನೆಯದಕ್ಕೆ ಸೆಲ್ಲೋ ಟೇಪ್ ಹಾಕಿ, ಚಿತ್ರದ ಅಂಚಿಗೆ ಸರಿಯಾಗಿ ನೀಟಾಗಿ ಕತ್ತರಿಸಿ ಅಂಟಿಸಿದ್ದಳು. ಅದನ್ನು ನೋಡಿ ಇದೇ ಗೆಲ್ಲುತ್ತದೆ ಎಂದುಕೊಂಡಿದ್ದೆ. ಅದೂ ಸೋತಿತು. ಮೇಲೆ ಗಾಜಿನಂಥ ಟೇಪು, ಅದರೊಳಗೆ ಸುತ್ತಲಿಂದ ನಡುವಿಗೆ ನುಗ್ಗಿದ ಒದ್ದೆ ಕಲೆ.

ಪುಟ್ಟಿ ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಅಜ್ಜ, ನೀರು ಮೇಲಿಂದ ಬಂದಿಲ್ಲ. ಬದಿಯಿಂದ ಬಂದಿದೆ." ದೇವರ ಮುಂದಿನ ದೀಪದ ಬತ್ತಿ ಎಣ್ಣೆ ಹೀರಿ ಮೇಲಕ್ಕೆಳೆಯುತ್ತದಲ್ಲ, ಕಾಗದದ ನಾರೂ ಅದೇ ಕೆಲಸ ಮಾಡುತ್ತದೆ. ಅಂಚು ತೆರೆದಿದ್ದರೆ ಸಾಕು, ಅಲ್ಲಿಂದಲೇ ನೀರು ಕುಡಿಯುತ್ತಾ ಹೋಗುತ್ತದೆ. ಅಂದರೆ ಮೊದಲು ಚಿತ್ರ ಕತ್ತರಿಸಬೇಕು, ಆಮೇಲೆ ಅದಕ್ಕಿಂತ ದೊಡ್ಡ ಟೇಪು ಹಾಕಬೇಕು. ಕಾಗದದ ಸುತ್ತ ಟೇಪು ನೇರವಾಗಿ ಸ್ಟೀಲನ್ನೇ ಹಿಡಿಯಬೇಕು. ಹಾಗೆ ಮಾಡಿದರೆ ಕಾಗದದ ಹಿಂದೆ ಅಂಟೇ ಬೇಡ!

ಪಾರ್ಸೆಲಿಗೆ ಹಾಕುವ ಎರಡಿಂಚು ಅಗಲದ ಪಾರದರ್ಶಕ ಟೇಪು ತಂದೆ. ಒಂದು ರೂಪಾಯಿ ನಾಣ್ಯಕ್ಕಿಂತ ತುಸುವೇ ದೊಡ್ಡದಾಗಿ ಚಿತ್ರ ಬರೆದಳು, ಗೆರೆಗೆ ಬಾಲ್ ಪೆನ್, ಒಳಗೆ ಬಣ್ಣದ ಪೆನ್ಸಿಲ್. ಬಣ್ಣವನ್ನು ದಪ್ಪವಾಗಿ ಮೆತ್ತಿದರೆ ಮೇಣಕ್ಕೆ ಟೇಪು ಕಚ್ಚುವುದಿಲ್ಲ, ಹಾಗಾಗಿ ತೆಳುವಾಗಿ. ಇನ್ನೇನು ಮುಚ್ಚಳಕ್ಕೆ ಅಂಟಿಸಬೇಕು, ಅಷ್ಟರಲ್ಲಿ ಒಲೆಯ ಬಳಿಯಿಂದ ನನ್ನಾಕೆಯ ದನಿ ಬಂತು.

"ಮುಚ್ಚಳಕ್ಕೆ ಯಾಕೆ ಹಚ್ತೀಯ ಮಗಾ? ಮೂರೂ ಒಂದೇ ಅಳತೆ. ತೊಳೆದು ಕವುಚಿಟ್ಟ ಮೇಲೆ ಯಾವ ಮುಚ್ಚಳ ಯಾವುದರದ್ದು?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೂರು ದಿನದಿಂದ ಶಾಯಿ, ಮೇಣ, ಟೇಪು ಎಂದು ಬಕೆಟ್ ಹೊತ್ತು ತಿರುಗಿದ್ದೇವೆ. ಅಂದು ಬಣ್ಣ ಹರಿದದ್ದರಿಂದ ಮೋಸವಾಯಿತೋ, ಮುಚ್ಚಳ ಅದಲುಬದಲಾಗಿತ್ತೋ, ಯಾರಿಗೆ ಗೊತ್ತು? ಡಬ್ಬಿ ತೊಳೆಯುವವರನ್ನು ಒಂದು ಮಾತು ಕೇಳುವುದು ನಮಗೆ ಹೊಳೆದೇ ಇರಲಿಲ್ಲ.

ಚಿತ್ರ ಡಬ್ಬಿಯ ಮೈಗೇ ಬಂತು. ಅಡುಗೆಮನೆಯ ಸ್ಟೀಲಿನ ಮೇಲೆ ಕಾಣದ ಎಣ್ಣೆಯ ಪೊರೆ ಇರುತ್ತದೆ, ಅದರ ಮೇಲೆ ಏನು ಅಂಟಿಸಿದರೂ ವಾರಕ್ಕೆ ಏಳುತ್ತದೆ. ಡಬ್ಬಿಗಳನ್ನು ಸೋಪಿನ ಪುಡಿಯಲ್ಲಿ ತಿಕ್ಕಿ ತೊಳೆದು, ಬಿಸಿಲಿಲ್ಲದ ದಿನವಾದ್ದರಿಂದ ಒಲೆಯ ಬದಿಯಲ್ಲಿಟ್ಟು ಚೆನ್ನಾಗಿ ಒಣಗಿಸಿ, ಪೂರ್ತಿ ಆರಿದ ಮೇಲೆ ಬೆರಳು ತಾಗಿಸದೆ ತೆಗೆದುಕೊಂಡೆವು. ಚಿತ್ರವಿಟ್ಟು, ಮುಚ್ಚಳ ಕೂರುವ ಜಾಗದ ಕೆಳಗೆ ಟೇಪನ್ನು ಡಬ್ಬಿಯ ಸುತ್ತ ಒಂದು ಪೂರ್ತಿ ಸುತ್ತು ತಂದು, ಅದರ ಮೇಲೇ ಒಂದಿಂಚು ಹತ್ತಿಸಿದೆವು. ತುದಿಯನ್ನು ಚೂಪಾಗಿ ಬಿಡದೆ ಉಗುರಿನ ಹಾಗೆ ದುಂಡಗೆ ಕತ್ತರಿಸಿದಳು, ಯಾಕೆಂದರೆ ಮೊದಲು ಏಳುವುದು ಚೂಪು ಮೂಲೆಯೇ. ಚಮಚದ ಬೆನ್ನಿನಿಂದ ನಡುವಿನಿಂದ ಹೊರಕ್ಕೆ ಒತ್ತಿ ಗಾಳಿ ತೆಗೆದು, ಒಂದು ದಿನ ಮುಟ್ಟದೆ ಬಿಟ್ಟೆವು. ಅಜ್ಜಿಯ ಕಣ್ಣಿಗೆ ಬಣ್ಣಕ್ಕಿಂತ ಆಕಾರ ಬೇಗ ಸಿಗುತ್ತದೆಂದು ಈ ಸಲ ಸೂರ್ಯನ ಕಾಗದ ದುಂಡಗೆ, ತಟ್ಟೆಯದು ಚೌಕ, ಚಂದ್ರನದು ಬಾಳೆಕಾಯಿಯ ಹಾಗೆ ಉದ್ದಕ್ಕೆ. ಮೊಲಕ್ಕೆ ಜಾಗ ಸಾಲಲಿಲ್ಲ, ಕಿವಿ ಮಾತ್ರ ಉಳಿಯಿತು. ಒಳಗೆ ಮಾತ್ರೆಗಳನ್ನು ಬಿಡಿಸಿ ಹಾಕದೆ, ಹೆಸರು, ಅವಧಿ ಮುಗಿಯುವ ದಿನ ಕಾಣುವ ಹಾಗೆ ಹಾಳೆಯ ಸಮೇತವೇ ಇಟ್ಟೆವು.

ಮೂರನೇ ರಾತ್ರಿ ಖಾಲಿ ಚಂದ್ರನ ಡಬ್ಬಿಯನ್ನು ಸೂರಿನ ನೀರು ಬೀಳುವಲ್ಲಿ ಬಕೆಟ್ಟಿನೊಳಗಿಟ್ಟು ಮಲಗಿದೆವು. ನಡುರಾತ್ರಿ ಜಗಲಿಯಲ್ಲಿ ಟಾರ್ಚ್ ಬೆಳಕು ಕಂಡಿತು. ಪುಟ್ಟಿ ಬಕೆಟ್ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. "ಇನ್ನೂ ಇದೆ ಅಜ್ಜ" ಅಂದಳು. ಬೆಳಿಗ್ಗೆಯೂ ಇತ್ತು.

ಸ್ಕೆಚ್ ಪೆನ್ನುಗಳನ್ನು ನಾನು ಬಚ್ಚಲಿನಿಂದ ತಂದು ನನ್ನ ಮೇಜಿನ ಖಾನೆಯಲ್ಲಿ ಇಟ್ಟಿದ್ದೆ. ಆಗಸ್ಟ್ ಹದಿನೈದರ ಬಾವುಟ ಬರೆಯಲು ಕೇಸರಿ ಬೇಕೆಂದು ಅವಳೇ ಬಂದು ಕೇಳಿ ತೆಗೆದುಕೊಂಡು ಹೋದಳು.

ಭೂಮಿ ಹುಣ್ಣಿಮೆಯ ಹೊತ್ತಿಗೆ ಮಳೆ ಹಿಂದೆ ಸರಿದಿತ್ತು, ಅಜ್ಜಿಯ ಎರಡನೇ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಡಬ್ಬಿಗಳನ್ನು ಸಾಲಾಗಿ ಇಟ್ಟು ಪರೀಕ್ಷಿಸುತ್ತಿದ್ದ ಪುಟ್ಟಿ ಚಂದ್ರನ ಟೇಪಿನ ತುದಿ ಒಂದಿಷ್ಟು ಎದ್ದಿರುವುದನ್ನು ಕಂಡು ಗಾಬರಿಯಾದಳು.

"ನೀರಿಗಲ್ಲ ಮಗಾ," ಎಂದಳು ಅಜ್ಜಿ. "ಗಟ್ಟಿ ಇದೆಯಾ ಅಂತ ನಾನೇ ದಿನಾ ಉಗುರಲ್ಲಿ ಎಬ್ಬಿಸಿ ನೋಡ್ತಿದ್ದೆ."